ರಿಪೋರ್ಟ್ ಬರೋ ಹೊತ್ತಿಗೆ ಟ್ಯಾಂಕ್ ನಿಂತಿತ್ತು: ವೈನ್ ಟೆಸ್ಟಿಂಗ್ ರೈತರ ಪ್ರಶ್ನೆಯೂ ಹೌದು

ಎರಡು ವರ್ಷದ ಹಿಂದಿನ ಮಾರ್ಚ್. ಮೈಕ್ರೋಬಯಾಲಜಿ ಓದು ಮುಗಿಸಿ ನಂದಿ ಬೆಟ್ಟದ ತಪ್ಪಲಿನ ಒಂದು ಸಣ್ಣ ವೈನರಿಯಲ್ಲಿ ಇಂಟರ್ನ್ ಆಗಿದ್ದೆ. ದಿನಕ್ಕೆ ಎರಡು ಸಲ ಪ್ರತಿ ಟ್ಯಾಂಕಿನಿಂದ ರಸ ತೆಗೆದು, ಹೈಡ್ರೋಮೀಟರ್ ತೇಲಿಬಿಟ್ಟು, ರೀಡಿಂಗ್ ಬರೆದಿಡೋದು ನನ್ನ ಕೆಲಸ. 23 ಬ್ರಿಕ್ಸ್‌ನಲ್ಲಿ ಶುರುವಾಗಿದ್ದ ಶಿರಾಜ್ ಟ್ಯಾಂಕ್ ಆರನೇ ದಿನ 7ಕ್ಕೆ ಬಂದು ನಿಂತುಬಿಟ್ಟಿತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಟ್ಯಾಂಕ್ ನೋಡಿಕೊಳ್ಳುತ್ತಿದ್ದ ಅಣ್ಣ ಮೂಸಿ ನೋಡಿ, "ಯೀಸ್ಟ್ ಹಸಿದಿದೆ ಕಣಮ್ಮ" ಅಂದರು.

ಅವರು ಹೇಳಿದ್ದು ನಿಜ. ಕೊಯ್ಲಿನ ದಿನವೇ ಹೊರಗಿನ ಲ್ಯಾಬಿಗೆ ಕಳಿಸಿದ್ದ ಸ್ಯಾಂಪಲ್ಲಿನ ರಿಪೋರ್ಟ್ ಎಂಟನೇ ದಿನ ಬಂತು. ರಸದಲ್ಲಿ ನೈಟ್ರೋಜನ್ ಕಡಿಮೆ ಅಂತ ಅದರಲ್ಲಿತ್ತು. ಅಷ್ಟರಲ್ಲಿ ಸಮಯ ಮೀರಿತ್ತು.

ಯಾಕೆ ಮೀರಿತ್ತು ಅಂತ ಸ್ವಲ್ಪ ವಿವರಿಸ್ತೀನಿ. ದ್ರಾಕ್ಷಿ ರಸದ ಸಕ್ಕರೆಯನ್ನು ತಿಂದು ಯೀಸ್ಟ್ ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಆದರೆ ಬರೀ ಸಕ್ಕರೆ ಸಾಲದು, ಬೆಳೆಯೋಕೆ ನೈಟ್ರೋಜನ್ ಬೇಕು. ಲೀಟರಿಗೆ ಸುಮಾರು 140 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹುದುಗುವಿಕೆ ನಿಧಾನವಾಗುವ, ಅರ್ಧಕ್ಕೇ ನಿಲ್ಲುವ ಅಪಾಯ ಹೆಚ್ಚು. ಹಸಿದ ಯೀಸ್ಟ್ ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ. ಮೊಟ್ಟೆ ವಾಸನೆ ಅದರದ್ದೇ.

ಪರಿಹಾರ ದುಬಾರಿಯಲ್ಲ. ಹೊಲಕ್ಕೆ ಹಾಕ್ತೀವಲ್ಲ ಡಿಎಪಿ, ಅದರದ್ದೇ ಆಹಾರ ದರ್ಜೆಯ ಪುಡಿಯನ್ನು ಅಳತೆ ಮಾಡಿ ಸೇರಿಸಿದರೆ ಆಯ್ತು. ಆದರೆ ಸಕ್ಕರೆಯ ಮೊದಲ ಮೂರನೇ ಒಂದು ಭಾಗ ಕರಗುವುದರೊಳಗೆ ಹಾಕಬೇಕು. ಅರ್ಧ ದಾಟಿ ಆಲ್ಕೋಹಾಲ್ ಏರಿದ ಮೇಲೆ ಅದನ್ನು ಹೀರಿಕೊಳ್ಳುವ ಶಕ್ತಿ ಯೀಸ್ಟಿಗೆ ಇರೋದಿಲ್ಲ. ಹಾಗಂತ ಕಣ್ಣುಮುಚ್ಚಿ ಸುರಿಯೋ ಹಾಗೂ ಇಲ್ಲ. ಮಿಕ್ಕಿದ ನೈಟ್ರೋಜನ್ ವೈನ್ ಕೆಡಿಸುವ ಬ್ಯಾಕ್ಟೀರಿಯಾಗೆ ಊಟವಾಗುತ್ತೆ. ಅಂದರೆ ಮೊದಲ ದಿನವೇ ರೀಡಿಂಗ್ ಕೈಯಲ್ಲಿರಬೇಕು. ಅನುಭವಿ ಮೂಗಿಗೆ ಗೊತ್ತಾಗೋದು ಯೀಸ್ಟ್ ಹಸಿದ ಮೇಲೆ.

ಇದಕ್ಕಾಗಿಯೇ ಬೇರೆ ಬೇರೆ ಕಡೆ ಕ್ಷಿಪ್ರ ಪರೀಕ್ಷೆಯ ಸಾಧನಗಳು ಬರುತ್ತಿವೆ. ಒಂದು, ಟ್ಯಾಂಕಿನೊಳಗೇ ಇಟ್ಟು ಸಾಂದ್ರತೆ, ಉಷ್ಣಾಂಶವನ್ನು ಫೋನಿಗೆ ಕಳಿಸುವ ಸೆನ್ಸರ್. ಎರಡು, ಇನ್‌ಫ್ರಾರೆಡ್ ಯಂತ್ರ. ಯಾವ ಅಣು ಯಾವ ಬೆಳಕನ್ನು ಎಷ್ಟು ಹೀರಿತು ಅಂತ ನೋಡಿ, ಕೆಲವೇ ನಿಮಿಷದಲ್ಲಿ ಸಕ್ಕರೆ, ಆಮ್ಲ, ಆಲ್ಕೋಹಾಲ್ ಎಲ್ಲ ಹೇಳುತ್ತೆ. ಬೆಲೆ ಲಕ್ಷಗಳಲ್ಲಿ. ಮೂರು, ಕಿಣ್ವ ಬಳಸುವ ಕಿಟ್‌ಗಳು. ಬಣ್ಣ ಎಷ್ಟು ಬದಲಾಯ್ತು ಅಂತ ಸಣ್ಣ ಮೀಟರಿನಲ್ಲಿ ಓದೋದು.

ಆದರೆ ಬೇಗ ಬಂದ ಉತ್ತರ ಸರಿಯಾದ ಉತ್ತರ ಆಗಬೇಕಿಲ್ಲ. ಆ ವೈನರಿಯಲ್ಲಿ ನಾನು ಒಂದು ದಿನ ಜಾಣತನ ಮಾಡಲು ಹೋಗಿ ಅಮ್ಮನ ಶುಗರ್ ಮೀಟರಿಗೆ ವೈನ್ ಹನಿ ಹಾಕಿ ನೋಡಿದ್ದೆ. ಸಕ್ಕರೆ ಇಲ್ಲವೇ ಇಲ್ಲ ಅನ್ನೋ ಹಾಗೆ ತೋರಿಸಿತು. ಅದು ರಕ್ತಕ್ಕೆ ಅಂತ ಮಾಡಿದ್ದು, ಅಳೆಯೋದು ಗ್ಲೂಕೋಸ್ ಮಾತ್ರ. ಯೀಸ್ಟ್ ಗ್ಲೂಕೋಸನ್ನು ಮೊದಲು ಮುಗಿಸುತ್ತೆ, ಕೊನೆಗೆ ಉಳಿಯೋದು ಹೆಚ್ಚಾಗಿ ಫ್ರಕ್ಟೋಸ್. ಅದನ್ನು ನಂಬಿ ಬಾಟಲಿಗೆ ತುಂಬಿದ್ದರೆ ಒಳಗೆ ಮತ್ತೆ ಹುದುಗಿ ಬಿರಡೆ ಹಾರುತ್ತಿತ್ತು. ಇನ್‌ಫ್ರಾರೆಡ್ ಯಂತ್ರವೂ ಅಷ್ಟೇ, ಕಲಿಸಿದ್ದನ್ನು ಮಾತ್ರ ಓದುತ್ತೆ. ಯೂರೋಪಿನ ತಳಿಗಳ ಮೇಲೆ ಕಲಿತ ಯಂತ್ರ, 2013ರಲ್ಲಿ ಜಿಐ ಟ್ಯಾಗ್ ಪಡೆದ ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಸರಿಯಾಗಿ ಓದುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇಲ್ಲಿನ ಸ್ಯಾಂಪಲ್‌ಗಳನ್ನಿಟ್ಟು ತಾಳೆ ನೋಡಲೇಬೇಕು.

ಈಗ ಆ ಶಿರಾಜ್ ಕಥೆ. ನಿಂತ ವೈನನ್ನು ಬೇರೆ ಟ್ಯಾಂಕಿಗೆ ಬೆರೆಸಿ ಅಗ್ಗದ ಲೇಬಲ್ಲಿಗೆ ಹಾಕಿದರು. ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಹಣ್ಣು ಕೊಟ್ಟಿದ್ದ ರೈತರಿಗೆ "ನಿಮ್ಮ ಮಾಲೇ ಸರಿ ಇಲ್ಲ" ಅಂತ ಹೇಳಿ ಮುಂದಿನ ಸೀಸನ್ನಿನ ರೇಟ್ ಇಳಿಸಿದರು. ಅವರು ನನ್ನ ಹತ್ತಿರ ಬಂದು, "ಸರಿ ಇಲ್ಲ ಅಂತ ಎಲ್ಲಿ ಬರೆದೈತೆ, ತೋರ್ಸಮ್ಮ" ಅಂದರು. ತೋರಿಸೋ ಅಧಿಕಾರ ನನಗಿರಲಿಲ್ಲ. ನಿಜ, ನೈಟ್ರೋಜನ್ ಕಡಿಮೆ ಇತ್ತು. ಆದರೆ ಮೊದಲ ದಿನವೇ ಗೊತ್ತಾಗಿದ್ದರೆ ಒಂದಿಷ್ಟು ಪುಡಿಯಲ್ಲಿ ಸರಿಹೋಗಬಹುದಾಗಿದ್ದ ಕೊರತೆ ಅದು. ತಡವಾಗಿದ್ದು ರಿಪೋರ್ಟ್, ದಂಡ ಕಟ್ಟಿದ್ದು ರೈತ.

ನಮ್ಮೂರ ಹಾಲಿನ ಡೇರಿ ನೆನಪಿಸಿಕೊಳ್ಳಿ. ಬೆಳಗ್ಗೆ ಕ್ಯಾನ್ ಹಿಡಿದು ನಿಂತರೆ ನಿಮ್ಮ ಕಣ್ಣೆದುರೇ ಫ್ಯಾಟ್ ಎಷ್ಟು ಅಂತ ಮಿಷನ್ ತೋರಿಸುತ್ತೆ, ಅದರ ಮೇಲೆ ದುಡ್ಡು. ಅಲ್ಲೂ ಮೋಸದ ದೂರು ಇದೆ, ಜಗಳ ಇದೆ. ಆದರೆ ಜಗಳ ಆಡೋಕೆ ಕೈಯಲ್ಲೊಂದು ಚೀಟಿ ಇದೆ. ದ್ರಾಕ್ಷಿ ಬೆಳೆಗಾರರಿಗೆ ಅದೂ ಇಲ್ಲ.

ಮದ್ಯದ ಉದ್ಯಮಕ್ಕೆ ಸರ್ಕಾರ ಯಾಕೆ ಸಹಾಯ ಮಾಡಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ 2007ರಲ್ಲಿ ವೈನ್ ನೀತಿ ತಂದು, ಅದಕ್ಕೊಂದು ಮಂಡಳಿ ಮಾಡಿ, ದ್ರಾಕ್ಷಿ ಬೆಳೆಗಾರರಿಗೆ ಇದರಿಂದ ಒಳ್ಳೆಯದಾಗುತ್ತೆ ಅಂದಿದ್ದು ಸರ್ಕಾರವೇ. ಹಾಗಾದರೆ ನಾನು ಕೇಳೋದು ಮೂರೇ. ಕೊಯ್ಲಿನ ತಿಂಗಳುಗಳಲ್ಲಿ ದ್ರಾಕ್ಷಿ ಬೆಳೆಯುವ ತಾಲ್ಲೂಕುಗಳಲ್ಲಿ ಅದೇ ದಿನ ಫಲಿತಾಂಶ ಕೊಡುವ ಸಾರ್ವಜನಿಕ ಪರೀಕ್ಷಾ ಕೇಂದ್ರ. ನಮ್ಮ ತಳಿಗಳಿಗೆ ತಾಳೆ ನೋಡಿದ, ಯಾರು ಬೇಕಾದರೂ ಬಳಸಬಹುದಾದ ಮಾಹಿತಿ. ಪ್ರತಿ ರಿಪೋರ್ಟಿನ ಒಂದು ಪ್ರತಿ, ಕನ್ನಡದಲ್ಲಿ, ಹಣ್ಣು ಕೊಟ್ಟವರ ಕೈಗೆ.

ಈ ಮೂರೂ ಇಲ್ಲದೆ ಎಷ್ಟೇ ಸ್ಮಾರ್ಟ್ ಸೆನ್ಸರ್ ಬಂದರೂ, ರೀಡಿಂಗ್ ವೈನರಿ ಮಾಲೀಕರ ಫೋನಿಗೆ ಹೋಗುತ್ತೆ. ಬೆಳೆದವರು ಮತ್ತೆ ನನ್ನಂಥ ಇಂಟರ್ನ್ ಹತ್ತಿರ ಬಂದು "ಎಲ್ಲಿ ಬರೆದೈತೆ" ಅಂತ ಕೇಳ್ತಾ ನಿಲ್ಲಬೇಕಾಗುತ್ತೆ.