ಬ್ರೌಸರ್ ಲ್ಯಾಪ್‌ಟಾಪ್ ನಮ್ಮ ಕೆಲಸಕ್ಕೆ ಸಾಕಾಗುತ್ತದೆಯೇ?

ಕಳೆದ ತಿಂಗಳು ನಾರಾಯಣಖೇಡ ಕಡೆಯ ಶಿಕ್ಷಕ ಮಿತ್ರರೊಬ್ಬರು ಫೋನ್ ಮಾಡಿದ್ದರು. "ಸರ್, ಹದಿನೈದು ಹದಿನೆಂಟು ಸಾವಿರಕ್ಕ ಕ್ರೋಮ್‌ಬುಕ್ ಅಂತ ಸಿಗ್ತದಂತ. ತಗೋಬೇಕೋ ಬ್ಯಾಡೋ ಹೇಳ್ರಿ" ಎಂದರು. ಅಂಗಡಿಯವನು ಮಾತ್ರ "ಅದು ದೊಡ್ಡ ಮೊಬೈಲ್ ಇದ್ದಂಗ, ಲ್ಯಾಪ್‌ಟಾಪ್ ಅಲ್ಲ" ಎಂದಿದ್ದನಂತೆ. ಜಹೀರಾಬಾದಿನಲ್ಲಿ ಎರಡು ವರ್ಷದಿಂದ ನಾನು ಅಂಥದೇ ಒಂದನ್ನು ಬಳಸುತ್ತಿದ್ದೇನೆ. ಫೋನಿನಲ್ಲಿ ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ನಿಮಗೆ ಇಲ್ಲಿ ಪೂರ್ತಿ ಹೇಳುತ್ತೇನೆ.

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ. ಕ್ರೋಮ್‌ಬುಕ್ ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಆಧಾರದ ಕ್ರೋಮ್‌ಓಎಸ್. ಬಹುಪಾಲು ಕೆಲಸ ಬ್ರೌಸರ್ ಒಳಗೇ ನಡೆಯುತ್ತದೆ; ಫೈಲುಗಳು ಹೆಚ್ಚಾಗಿ ದೂರದ ಸರ್ವರ್‌ನಲ್ಲಿರುತ್ತವೆ. ಹೀಗಾಗಿ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಇದ್ದರೂ ನಡೆಯುತ್ತದೆ. ಬೆಲೆ ಇಳಿದಿರುವ ಗುಟ್ಟೂ ಇಷ್ಟೇ. 2023ರ ಅಕ್ಟೋಬರ್‌ನಿಂದ ಎಚ್‌ಪಿ ಮತ್ತು ಗೂಗಲ್ ಸೇರಿ ಚೆನ್ನೈ ಬಳಿಯೇ ಇವನ್ನು ತಯಾರಿಸತೊಡಗಿದವು. ಅಗ್ಗದ ಮಾದರಿಗಳಲ್ಲಿ ಹಲವಕ್ಕೆ ಫ್ಯಾನ್ ಇಲ್ಲ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಮನೆಯಿರುವವರಿಗೆ ಇದು ಸಣ್ಣ ಮಾತಲ್ಲ. ಧೂಳು ಒಳಗೆ ಎಳೆದುಕೊಳ್ಳುವ ಯಂತ್ರ ಎಷ್ಟು ದಿನ ಬಾಳುತ್ತದೆಂದು ಅವರಿಗೆ ಗೊತ್ತು.

ನಮ್ಮ ದಿನದ ಕೆಲಸ ನೋಡಿ. ಯುಡೈಸ್ ಪ್ಲಸ್ ನಮೂದು, ದೀಕ್ಷಾ ತರಬೇತಿ, ಆದಾಯ ತೆರಿಗೆ ರಿಟರ್ನ್, ಮಕ್ಕಳ ಅಂಕಪಟ್ಟಿ, ಇಮೇಲ್, ಯೂಟ್ಯೂಬ್ ಪಾಠ: ಎಲ್ಲವೂ ಬ್ರೌಸರ್‌ನಲ್ಲೇ ಆಗುವಂಥವು. ನನ್ನದು ಇವುಗಳಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಹತ್ತು ಹದಿನೈದು ಟ್ಯಾಬ್ ಒಟ್ಟಿಗೆ ತೆರೆದರೆ ಮಾತ್ರ ಎತ್ತಿನಗಾಡಿ.

ವಿಜ್ಞಾನದವರಿಗೆ ಒಂದು ವಿಶೇಷ ಮಾತು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ 'ಫೆಟ್' ಪ್ರಯೋಗಗಳನ್ನು ನೀವು ನೋಡಿರಬಹುದು. ಹಲವು ಕನ್ನಡದಲ್ಲೂ ಇವೆ. ಒಂದೊಂದು ಪ್ರಯೋಗವೂ ಒಂದೇ ಫೈಲ್ ಆಗಿ ಡೌನ್‌ಲೋಡ್ ಆಗುತ್ತದೆ, ಆಮೇಲೆ ನೆಟ್ ಬೇಡ. ವಿದ್ಯುತ್ ಮಂಡಲದ ಪಾಠವನ್ನು ಕರೆಂಟೂ ಇಲ್ಲದ, ನೆಟ್‌ವರ್ಕೂ ಇಲ್ಲದ ಮಧ್ಯಾಹ್ನ ಇದೇ ಯಂತ್ರದ ಬ್ಯಾಟರಿಯ ಮೇಲೆ ಮುಗಿಸಿದ್ದೇನೆ. ಗೂಗಲ್ ಡಾಕ್ಸ್ ಕೂಡ ನೆಟ್ ಇಲ್ಲದೆ ನಡೆಯುತ್ತದೆ. ಆದರೆ ಆ ಸೌಲಭ್ಯವನ್ನು ನೆಟ್ ಇರುವಾಗಲೇ ಆನ್ ಮಾಡಿಟ್ಟಿರಬೇಕು. ಬಾಯಾರಿದಾಗ ಬಾವಿ ತೋಡಿದರೆ ಆಗದು.

ಇನ್ನು ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಕೊಂಡ ಮೊದಲ ತಿಂಗಳಲ್ಲೇ ಯುನಿಟ್ ಟೆಸ್ಟ್ ಬಂತು. ಬೀದರ್ ಕಡೆಯ ಗೆಳೆಯರೊಬ್ಬರು ಕಳಿಸಿದ ಪ್ರಶ್ನೆಪತ್ರಿಕೆಯನ್ನು ರಾತ್ರಿ ಒಂಬತ್ತಕ್ಕೆ ತೆರೆದೆ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆ ಮೇಲೆ ಗೀಟಿದ್ದ 'ಎ'ಗಳು. ಕನ್ನಡ ಒಂದಕ್ಷರ ಇಲ್ಲ. ಫೈಲ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದು ನುಡಿಯಲ್ಲಿ ಟೈಪ್ ಆಗಿತ್ತು.

ಏನಾಗುತ್ತದೆಂದರೆ, ಕಂಪ್ಯೂಟರ್ ಅಕ್ಷರವನ್ನು ಸಂಖ್ಯೆಯಾಗಿ ಇಡುತ್ತದೆ. ಯೂನಿಕೋಡ್‌ನಲ್ಲಿ 'ಕ' ಅಕ್ಷರಕ್ಕೆ 3221 ಎಂಬ ಅದರದೇ ಸಂಖ್ಯೆ ಇದೆ. ಯಾವ ಯಂತ್ರದಲ್ಲೂ ಅದು 'ಕ' ಎಂದೇ ಓದಿಸಿಕೊಳ್ಳುತ್ತದೆ. ನುಡಿಯ ಹಳೆಯ ಫಾಂಟುಗಳಲ್ಲಿ ಹಾಗಲ್ಲ. ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ, ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ 'ಕನ್ನಡ' ಎಂಬ ಪದ ಪಿ ಅಕ್ಷರದಿಂದ ಶುರುವಾಗಿ ನಡುವೆ ಪೌಂಡ್ ಚಿಹ್ನೆ ತೋರಿಸುತ್ತದೆ. ನುಡಿ ವಿಂಡೋಸ್‌ಗೆ ಮಾಡಿದ ತಂತ್ರಾಂಶ, ಗೂಗಲ್ ಡಾಕ್ಸ್‌ನಲ್ಲಿ ಅದರ ಫಾಂಟ್ ಇಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಇದೆ ನಿಜ; ಆದರೆ ನಮ್ಮ ಪೆನ್‌ಡ್ರೈವ್‌ಗಳಲ್ಲಿರುವ ಹಳೆಯ ಗಂಟು ಹಳೆಯದೇ.

ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಆ ರಾತ್ರಿ ಒಂದರಲ್ಲಿ ಹಾಕಿದೆ. ಕನ್ನಡವೇನೋ ಬಂತು, ಆದರೆ ನೀರಿನ ಸೂತ್ರ ಎಚ್ ಟು ಓ ಹೋಗಿ 'ಊ2ಔ' ಎಂದು ಕೂತಿತ್ತು! ನುಡಿಯಲ್ಲಿ ಎಚ್ ಜಾಗದಲ್ಲಿ ಊ, ಓ ಜಾಗದಲ್ಲಿ ಔ ಇವೆ. ಫಾಂಟಿನ ಹೆಸರು ಬಿಟ್ಟುಹೋದರೆ ಯಾವುದು ಸೂತ್ರ, ಯಾವುದು ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯುವುದಾದರೂ ಹೇಗೆ? ಸಮಾಜ ವಿಜ್ಞಾನದವರು ಇದರಿಂದ ಬಚಾವ್. ನಾವು ರಸಾಯನಶಾಸ್ತ್ರದವರು ಒಂದೊಂದು ಸಮೀಕರಣವನ್ನೂ ಕೈಯಿಂದ ತಿದ್ದಬೇಕು. ಆವತ್ತು ಮಲಗಿದ್ದು ಒಂದು ಗಂಟೆಗೆ.

ಗಡಿಯ ಈಚೆಗಿರುವ ನಮಗೆ ಇದರ ಪೆಟ್ಟು ಹೆಚ್ಚು. ಕನ್ನಡದ ನೋಟ್ಸ್, ಮಾದರಿ ಪ್ರಶ್ನೆಪತ್ರಿಕೆಗಳಿಗೆ ಬೀದರ್, ಕಲಬುರಗಿ ಕಡೆಗೇ ಕೈಚಾಚುತ್ತೇವೆ, ಬರುವುದರಲ್ಲಿ ಬಹಳಷ್ಟು ನುಡಿಯಲ್ಲೇ. ಹೊಸದಾಗಿ ಕನ್ನಡ ಬರೆಯುವುದು ಮಾತ್ರ ಕ್ರೋಮ್‌ಬುಕ್‌ನಲ್ಲಿ ಸಲೀಸು. ಡಾಕ್ಸ್‌ನಲ್ಲಿ ಬಾಯಲ್ಲಿ ಹೇಳಿದರೂ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತು ಮಾತ್ರ ಅದಕ್ಕೆ ತಿಳಿಯುವುದಿಲ್ಲ, ಸ್ವಲ್ಪ ಪುಸ್ತಕದ ಕನ್ನಡ ಮಾತಾಡಬೇಕು.

ಕೊಳ್ಳುವ ಮುಂಚೆ ಅಪ್‌ಡೇಟ್ ಗಡುವು ನೋಡಿ. 2021ರಿಂದ ಈಚೆಗೆ ಬಂದ ಮಾದರಿಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದೆ. ಈ ಲೆಕ್ಕ ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ಮೂಲ ವಿನ್ಯಾಸ ಹೊರಬಂದ ದಿನದಿಂದ. ಭಾರಿ ರಿಯಾಯಿತಿಯಲ್ಲಿ ಸಿಗುವ ಹಳೆಯದಕ್ಕೆ ಒಂದೆರಡು ವರ್ಷವಷ್ಟೇ ಉಳಿದಿರಬಹುದು. ಶಾಲೆಯ ಹಳೆಯ ಪ್ರಿಂಟರ್ ಇದಕ್ಕೆ ಹೊಂದುತ್ತದೆಯೇ, ಪ್ರೊಜೆಕ್ಟರ್‌ಗೆ ಬೇಕಾದ ಎಚ್‌ಡಿಎಂಐ ಕಿಂಡಿ ಇದೆಯೇ ಎಂದೂ ವಿಚಾರಿಸಿ. ಟ್ಯಾಲಿ, ಪೇಜ್‌ಮೇಕರ್ ಬಳಸುವವರಾದರೆ ಇದರ ಗೋಜಿಗೇ ಹೋಗಬೇಡಿ.

ನಾರಾಯಣಖೇಡದ ಮಿತ್ರರಿಗೆ ಒಂದೇ ಪರೀಕ್ಷೆ ಹೇಳಿದ್ದೆ: ಒಂದು ವಾರ ಶಾಲೆಯ ಕಂಪ್ಯೂಟರ್‌ನಲ್ಲಿ ಕ್ರೋಮ್ ಬಿಟ್ಟು ಬೇರೇನೂ ತೆರೆಯಬೇಡಿ, ತೆರೆಯಲೇಬೇಕಾದಾಗ ಏಕೆಂದು ಬರೆದಿಡಿ. ವಾರದ ನಂತರ ಫೋನ್ ಬಂತು. ಐದು ಸಲ ತೆರೆದಿದ್ದರಂತೆ, ಐದೂ ಸಲ ನುಡಿಗೇ. ದಸರಾ ರಜೆಯಲ್ಲಿ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಗಳನ್ನಾದರೂ ಯೂನಿಕೋಡ್‌ಗೆ ಬದಲಿಸಿ ಆಮೇಲೆ ಕೊಳ್ಳುತ್ತಾರಂತೆ. ಸಮೀಕರಣಗಳನ್ನು ತಿದ್ದಿಕೊಡಲು ನಾನು ಒಪ್ಪಿದ್ದೇನೆ. ನೀವು ತಿದ್ದಿಟ್ಟವು ಇದ್ದರೆ ನಮಗೂ ಕಳಿಸಿ.