ಆಂಪ್ಲಿಫೈಯರ್ ಮೌನವ್ರತ ಹಿಡಿದರೆ...

ಸಂಜೆ ದೀಪ ಹಚ್ಚಿ, ದೇವರನಾಮ ಕೇಳೋಣವೆಂದು ಸ್ವಿಚ್ ಒತ್ತುತ್ತೀರಿ. ಆಂಪ್ಲಿಫೈಯರ್ ಉಸಿರೇ ಎತ್ತದು. "ಹಳೇದಾಯ್ತು, ಗುಜರಿಗೆ ಹಾಕು" ಎಂದು ಮನೆಯವರ ತೀರ್ಪೂ ಬಂದುಬಿಡುತ್ತದೆ. ಸ್ವಲ್ಪ ತಾಳಿ! ಸತ್ತೇಹೋಯಿತೆಂದು ಕೈಬಿಟ್ಟ ಎಷ್ಟೋ ಸೆಟ್ಟುಗಳ ರೋಗ ಬಹಳ ಸಣ್ಣದಿರುತ್ತದೆ. ಅದನ್ನು ಪತ್ತೆಹಚ್ಚುವುದೇ ಹಲವರಿಗೆ ಹವ್ಯಾಸ. ಹೊಲಿಗೆ ಮಷೀನಿನ ಬಾಬಿನ್ ಸರಿಮಾಡಿಕೊಳ್ಳುವ ಗೃಹಿಣಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ. ಬೇಕಾದದ್ದು ತಾಳ್ಮೆ, ಕ್ರಮ. ಜೊತೆಗೆ ಎಲ್ಲಿ ಕೈ ಹಿಂದೆಗೆಯಬೇಕೆಂಬ ಅರಿವು.

ಗೋಡೆಯಿಂದ ಶುರು ಮಾಡಿ

ಅದೇ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಅದು ಉರಿದರೆ ಕರೆಂಟಿದೆ ಎಂದಾಯಿತು. ಸೆಟ್ಟಿನ ಸೂಚಕ ದೀಪ ಹತ್ತಿಯೂ ಸದ್ದು ಬಾರದಿದ್ದರೆ ಗುಂಡಿಗಳತ್ತ ಕಣ್ಣು ಹಾಯಿಸಿ. ಹಳೆಯ ಸೆಟ್ಟುಗಳಲ್ಲಿ 'ಟೇಪ್ ಮಾನಿಟರ್' ಗುಂಡಿ ಒತ್ತಿಹೋಗಿದ್ದರೆ ರೇಡಿಯೋ, ರೆಕಾರ್ಡು ಎರಡೂ ಕೇಳಿಸವು. ಧೂಳೊರೆಸುವಾಗ ಕೈ ತಾಗಿದರೂ ಸಾಕು! ಹೆಡ್‌ಫೋನ್ ಸಿಕ್ಕಿಸಿದ್ದರೆ ಕೆಲವು ಸೆಟ್ಟುಗಳ ಸ್ಪೀಕರ್ ಬಾಯಿ ಮುಚ್ಚಿಕೊಳ್ಳುತ್ತದೆ.

ಒಂದೇ ಬದಿ ಮೌನವೇ? ಆಫ್ ಮಾಡಿ, ಸೆಟ್ಟಿನ ಹಿಂದೆ ಎಡ-ಬಲ ಸ್ಪೀಕರುಗಳ ತಂತಿಗಳನ್ನು ಅದಲುಬದಲು ಮಾಡಿ. ಮೊದಲಿನ ಸ್ಪೀಕರೇ ಸುಮ್ಮನಿದ್ದರೆ ದೋಷ ಅದರದು, ಇಲ್ಲವೇ ಅದರ ತಂತಿಯದು. ಮೌನ ಇನ್ನೊಂದಕ್ಕೆ ದಾಟಿದರೆ ಸ್ಪೀಕರ್ ನಿರ್ದೋಷಿ. ಸಂಶಯವಿದ್ದರೆ ಸ್ಪೀಕರಿನ ತಂತಿ ಬಿಚ್ಚಿ, ಅದರ ಎರಡು ತುದಿಗಳಿಗೆ ಟಾರ್ಚಿನ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. 'ಟಕ್' ಎಂದರೆ ಜೀವವಿದೆ.

ಫ್ಯೂಸ್ ಹೇಳುವ ಸುದ್ದಿ

ಸೂಚಕ ದೀಪವೇ ಹತ್ತದಿದ್ದರೆ ಪ್ಲಗ್ ಕಿತ್ತು, ಹಿಂಬದಿಯಲ್ಲಿ ತಿರುಪಿ ತೆಗೆಯುವ ಫ್ಯೂಸಿದ್ದರೆ ಹೊರತೆಗೆಯಿರಿ. ಗಾಜಿನ ಕೊಳವೆಯೊಳಗಿನ ಎಳೆ ಸುಮ್ಮನೆ ತುಂಡಾಗಿದ್ದರೆ ಒಂದು ಸಲ ಬದಲಿಸಿ ನೋಡಬಹುದು. ಗಾಜು ಕಪ್ಪಾಗಿದ್ದರೆ ಒಳಗೆ ದೊಡ್ಡ ಶಾರ್ಟ್ ಆಗಿರುವ ಸಂಭವ ಹೆಚ್ಚು, ರಿಪೇರಿಯವರಿಗೇ ಒಪ್ಪಿಸಿ. ಹೊಸ ಫ್ಯೂಸ್ ಅದೇ ಆಂಪಿಯರಿನದು, ಅದೇ ಬಗೆಯದು ಆಗಿರಬೇಕು. ಅದೂ ಹೋಯಿತೋ, ಮೂರನೆಯದನ್ನು ಹಾಕಬೇಡಿ.

ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿದರೆ ಆ ತೂತಿಗೆ ಮೊಳೆ ಬಡಿಯುತ್ತೇವೆಯೇ? ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಕಟ್ಟುವುದೂ ಅಂಥದೇ ಕೆಲಸ. ಫ್ಯೂಸ್ ಕಾಯಿಲೆಯಲ್ಲ, ಕಾಯಿಲೆಯ ಸುದ್ದಿ ತಂದ ದೂತ. ದೂತನ ಬಾಯಿ ಕಟ್ಟಿದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಮನೆಗೇ ಬೆಂಕಿ ತಗಲೀತು.

ಇಲ್ಲಿಗೆ ನಿಲ್ಲಿಸಿ

ಮುಚ್ಚಳ ಬಿಚ್ಚುವ ಸಾಹಸ ಬೇಡ. ಒಳಗೆ 230 ವೋಲ್ಟ್ ಹರಿದಾಡುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ವಾಲ್ವ್ ಸೆಟ್ಟಾದರಂತೂ ಅದು ನೂರಾರು ವೋಲ್ಟ್, ಪ್ರಾಣಕ್ಕೇ ಸಂಚಕಾರ.

ಆದರೆ ರಿಪೇರಿಯವರ ಮುಂದೆ ಸುಮ್ಮನೆ ಕೈಕಟ್ಟಿ ನಿಲ್ಲಬೇಕಿಲ್ಲ. ನೀವು ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಡಿ. "ಸೀರೀಸ್ ಲ್ಯಾಂಪ್ ಹಾಕಿ ನೋಡಿದಿರಾ?" ಎಂದು ಕೇಳಿ. 60 ಅಥವಾ 100 ವ್ಯಾಟಿನ ಹಳೇ ಮಾದರಿ ಬಲ್ಬಿನ ಮೂಲಕ ಸೆಟ್ಟಿಗೆ ಕರೆಂಟು ಕೊಡುವ ಪರೀಕ್ಷೆ ಇದು. ಎಲ್‌ಇಡಿ ಬಲ್ಬು ಇದಕ್ಕೆ ಒದಗದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯ ಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಸಾಮಾನ್ಯವಾಗಿ ಅಪರಾಧಿಗಳು ಔಟ್‌ಪುಟ್ ಟ್ರಾನ್ಸಿಸ್ಟರು, ಇಲ್ಲವೇ ಡಯೋಡು. ಹಳೆಯ ಸೆಟ್ಟುಗಳಲ್ಲಿ ಕಾಣುವ 2ಎನ್3055 ಟ್ರಾನ್ಸಿಸ್ಟರಿನಂಥ ಬಿಡಿಭಾಗಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಯಾವ ಭಾಗ ಬದಲಾಯಿಸಿದರೆಂದು ಕೇಳಿ, ಹಳೆಯದನ್ನು ವಾಪಸು ಪಡೆಯಿರಿ. ಲೆಕ್ಕ ಕೇಳುವವರಿಗೆ ಮೋಸ ಮಾಡುವುದು ಕಷ್ಟ.

ಕೊನೆಯದಾಗಿ ಒಂದು ಕಿವಿಮಾತು. ಅಂದಕ್ಕೆಂದು ಸೆಟ್ಟಿನ ಮೇಲೆ ಕ್ರೋಶಾ ಬಟ್ಟೆ ಹೊದಿಸಿದ್ದೀರಾ? ಗಾಳಿಕಿಂಡಿ ಮುಚ್ಚಿದರೆ ಕಾವು ಹೊರಹೋಗದು. ಕಾವಿಗೆ ಕೆಪಾಸಿಟರುಗಳು ವರ್ಷ ಕಳೆದಂತೆ ಒಣಗುತ್ತವೆ. ಆ ಬಟ್ಟೆಯನ್ನು ಟೀಪಾಯಿಗೆ ಹಾಸಿ. ಟೀಪಾಯಿಗೂ ಅಂದ, ಸೆಟ್ಟಿಗೂ ಆಯುಸ್ಸು!