ಪಟ್ಟಿಯ ಮೇಲಿನ ಸಾಲುಗಳು

ಅಡಿಕೆ ಮಂಡಿಯಲ್ಲಿ ಮಾರಾಟದ ಪಟ್ಟಿ ಬರೆದೇ ಹೊಟ್ಟೆ ಹೊರೆದವನು ನಾನು. ಸಾಗರದ ಬೆಳೆಗಾರರಿರಲಿ, ಹೊಸನಗರ, ತೀರ್ಥಹಳ್ಳಿಯವರಿರಲಿ, ಪಟ್ಟಿ ಕೈಗೆ ಬಂದೊಡನೆ ಕಣ್ಣು ಹೋಗುವುದು ಕೊನೆಯ ಸಾಲಿಗೆ: ಒಟ್ಟು ಎಷ್ಟಾಯ್ತು? ಆಮೇಲೆ ಅದು ಮಡಚಿ ಜೇಬಿಗೆ. ದೊಡ್ಡ ಕಂಪನಿಗಳು ‘ಡೇಟಾ’ ಎಂದು ದುಡ್ಡು ಸುರಿದು ಕೂಡಿಹಾಕುವ ಸರಕು ಇರುವುದು ಮೇಲಿನ ಸಾಲುಗಳಲ್ಲಿ.

ಅಲ್ಲಿರುವುದು ಅಡಿಕೆಯ ನಮೂನೆಗಳು: ಸರಕು, ಬೆಟ್ಟೆ, ರಾಶಿ, ಗೊರಬಲು. ಒಂದೊಂದಕ್ಕೂ ಬೇರೆ ತೂಕ, ಬೇರೆ ದರ. ಎಳೆಯ ಅಡಿಕೆಗೆ ದರ ಜಾಸ್ತಿ, ಆದರೆ ಒಣಗಿದರೆ ತೂಕ ಬಾರದು. ಬಲಿತರೆ ತೂಕ ಬರುತ್ತದೆ, ಹಣ್ಣಾಗಲು ಬಿಟ್ಟರೆ ಗೊರಬಲು, ಗೋಟು ಹೆಚ್ಚಿ ದರ ಇಳಿಯುತ್ತದೆ. ಹಾಗಾದರೆ ಕೊನೆ ತೆಗೆಸುವುದು ಯಾವಾಗ? ಇದಕ್ಕೆ ಉತ್ತರ ಒಂದೇ ಲೆಕ್ಕದಲ್ಲಿದೆ: ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಕೊನೆಗೆ ಎಷ್ಟು ರೂಪಾಯಿ ಬಂತು?

ಅದಕ್ಕೆ ಐದು ಕಲಂ ಸಾಕು. ಕೊಯ್ದ ದಿನ, ಹಸಿ ತೂಕ, ಒಣ ತೂಕ, ಯಾವ ನಮೂನೆ ಎಷ್ಟು, ಸಿಕ್ಕ ದರ. ನಮ್ಮ ಕಡೆ ಕ್ವಿಂಟಾಲ್ ಹಸಿಗೆ 12–13 ಕೆ.ಜಿ. ಒಣ ಅಡಿಕೆ ಎಂಬುದು ಬಾಯಿಲೆಕ್ಕ. ಒಂದು ಕೊಯ್ಲಿನಲ್ಲಿ ಅದಕ್ಕಿಂತ ಕಡಿಮೆ ಬಂದರೆ ಹುಡುಕಬೇಕಾದ ಜಾಗಗಳೂ ಕೆಲವೇ: ಕೊನೆ ಎಳೆಯದಿತ್ತೇ, ಸುಲಿಯುವಾಗ ಪುಡಿಯಾಯಿತೇ, ಅತಿಯಾಗಿ ಒಣಗಿತೇ? ಬರೆದಿಡದವರು ಎಲ್ಲಕ್ಕೂ ‘ಈ ವರ್ಷ ಹಾಗೆ’ ಎಂದುಬಿಡುತ್ತಾರೆ.

ಇನ್ನೆರಡು ಕಲಂ ಸೇರಿಸುವವರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನವನ್ನೂ, ಮಳೆಯ ಅಂಕಿಯನ್ನೂ ಬರೆಯಲಿ. ಕೊಳೆ ಬಂದ ವರ್ಷ ಮದ್ದು ತಡವಾಗಿತ್ತೋ, ಮಳೆ ಬಿಡುವು ಕೊಡಲಿಲ್ಲವೋ ಎಂಬುದು ಆಗ ತಿಳಿಯುತ್ತದೆ. ಹವಾಮಾನ ಆಧಾರಿತ ಬೆಳೆವಿಮೆಯ ಪರಿಹಾರ ಲೆಕ್ಕವಾಗುವುದೂ ಮಳೆಯಂಥ ಹವಾಮಾನದ ಅಂಕಿಗಳಿಂದಲೇ.

ದರದ ದಾಖಲೆಗೆ ಇಂದು ಕೊರತೆಯಿಲ್ಲ. 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್, ಸಾಗರದ ಆಪ್ಸ್‌ಕೋಸ್‌ಗಳಂಥ ಸಹಕಾರ ಸಂಘಗಳ ಜೊತೆಗೆ ಎಪಿಎಂಸಿಯ ಇ-ಟೆಂಡರ್ ಇದೆ. ಲಾಟಿಗೊಂದು ನಂಬರು, ಖರೀದಿದಾರರ ದರ ಕಂಪ್ಯೂಟರಿನಲ್ಲಿ. ದಿನದ ಧಾರಣೆ ಸಂಜೆಯೊಳಗೆ ಫೋನಿಗೆ ಬರುತ್ತದೆ.

ಆದರೆ ನಾಳೆಯ ದರ ಹೇಳುವ ಪುಸ್ತಕ ಯಾವುದೂ ಇಲ್ಲ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಒಪ್ಪಿದಾಗ ಮಲೆನಾಡೇ ಗಾಬರಿಯಾಯಿತು. ಅದು ಯಾರ ಲೆಕ್ಕದಲ್ಲೂ ಇರಲಿಲ್ಲ. ದರದ ಹಿಂದೆ ಓಡುವ ಅರ್ಧ ಹೊತ್ತನ್ನು ಕೊಯ್ಲಿನ ದಿನಕ್ಕೆ ಕೊಡಿ. ಧಾರಣೆ ಕಟ್ಟುವವರು ಬೇರೆ. ಕೊನೆ ಕೊಯ್ಯುವ ಕೊನೆಗೌಡನಿಗೆ ಯಾವತ್ತು ಬಾ ಎನ್ನಬೇಕೆಂದು ತೀರ್ಮಾನಿಸುವವರು ನೀವೇ.